ಕೇರೆಹಾವು ತಾನಾಗಿ ಉಂಡಿತು

ಗೆಳೆಯರೇ, ಈ ಇನ್‌ಲ್ಯಾಂಡ್ ಪತ್ರವನ್ನು ಓದಿ ಮುಂದಿನವರಿಗೆ ದಾಟಿಸಿ. ಸಿಂದಗಿಯ ನಮ್ಮ ಮನೆಯಲ್ಲಿ ಇವತ್ತು ಹಾವು ತಾನಾಗಿ ಉಂಡಿತು.

ಕುಡುಗೋಲು ತಾಗಿ ಗಾಯವಾಗಿದ್ದ ಕೇರೆಹಾವನ್ನು ಹೊಲದಿಂದ ತಂದು ಸಾಕಿದ್ದೆ. ಗಾಯ ಮಾಯಿತು, ಆದರೆ ಹಾವು ಏನನ್ನೂ ಮುಟ್ಟಲಿಲ್ಲ. ಮೂರು ವಾರ ಚಿಮಟದಿಂದ ಬಾಯಿ ಬಿಡಿಸಿ ಮಾಂಸದ ಚೂರು ತುರುಕಿದೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಹೀಗೆ ಬಲವಂತದಿಂದ ಉಣಿಸುವುದನ್ನು ಮಕ್ಕಳಿಗೆ ಹೇಳುವ ಹಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಅದರ ಪೆಟ್ಟಿಗೆಯಲ್ಲಿ ಸತ್ತ ಇಲಿಯೊಂದನ್ನು ಇಟ್ಟು, ಎದುರಿಗೆ ಮಣೆ ಹಾಕಿಕೊಂಡು ಕುಳಿತೆ. ಪಕ್ಕದಲ್ಲಿ ಅವ್ವ. ಒಂದು ತಾಸಾದರೂ ಹಾವು ಅಲುಗಲಿಲ್ಲ.

"ಹಾಲ ಇಡೋ," ಎಂದಳು ಅವ್ವ.

"ಹಾವು ಹಾಲು ಕುಡಿಯಂಗಿಲ್ಲವ್ವಾ."

"ಇಲಿನೂ ತಿನ್ನವಲ್ತಲ್ಲ!"

ಮದುವೆಯಾಗಿ ತಿಂಗಳಾದರೂ ನನ್ನ ಹೆಂಡತಿ ಗೌರಿ ಅವ್ವನ ಎದುರು ಮಾತಾಡಿದವಳಲ್ಲ. ಇವತ್ತು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: "ಇಬ್ಬರೂ ಬಾಯಿ ನೋಡ್ಕೋತ ಕುಂತರ ಯಾರಿಗೆ ಗಂಟಲದಾಗ ಇಳಿತೈತ್ರಿ? ಮ್ಯಾಲ ಒಂದು ಅರಿಬಿ ಹಾಕಿ ಎದ್ದು ಬರ್ರಿ."

ಪೆಟ್ಟಿಗೆಗೆ ಬಟ್ಟೆ ಹಾಕಿ ಎದ್ದೆವು. ಮಧ್ಯಾಹ್ನ ನೋಡಿದರೆ ಇಲಿ ಇರಲಿಲ್ಲ, ಹಾವಿನ ನಡು ಉಬ್ಬಿತ್ತು.

"ನಿನಗ ಹೆಂಗ ಗೊತ್ತಾತು?" ಎಂದು ಗೌರಿಯನ್ನು ಕೇಳಿದೆ.

"ನಾನೂ ತಿಂಗಳಿಂದ ಅರ್ಧಾ ರೊಟ್ಟಿಗೆ ಏಳಾಕತ್ತೇನಿ," ಎಂದಳು.

ಗೌರಿ ಉಣ್ಣಲು ಕುಳಿತಾಗ ಅವ್ವ ನನ್ನನ್ನು ಕರೆದುಕೊಂಡು ಹೊರಗಿನ ಕಟ್ಟೆಗೆ ಬಂದಳು, ಬಾಗಿಲು ಮುಂದೆ ಮಾಡಿದಳು. ಸ್ವಲ್ಪ ಹೊತ್ತಿಗೆ ಒಳಗೆ ಎರಡನೆಯ ರೊಟ್ಟಿ ಮುರಿದ ಸದ್ದು, ಆಮೇಲೆ ಮೂರನೆಯದು. ಕಡಕ್ ರೊಟ್ಟಿಯಾದ್ದರಿಂದ ಬಾಗಿಲಾಚೆಯಿಂದಲೂ ಎಣಿಸಬಹುದು.