ರೋಹಿಣಿಯ ಸೀರೆಯಿಂದ ಒಂದು ಎಳೆ

ಹೊಟ್ಟೆಕಿಚ್ಚು ಬಂದಾಗ ನನಗೆ ಬೆರಳು ತುರಿಸುತ್ತದೆ. ಬೇರೆಯವರಿಗೆ ಎದೆ ಉರಿಯುವುದಂತೆ, ಅನ್ನ ಸೇರುವುದಿಲ್ಲವಂತೆ. ನನಗೆ ಮಾತ್ರ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ. ಎದುರಿಗಿದ್ದವರ ಸೆರಗನ್ನು ಆ ಎರಡರ ನಡುವೆ ಹಿಡಿದು ಒಮ್ಮೆ ಉಜ್ಜುವವರೆಗೆ ಸಮಾಧಾನವಿಲ್ಲ. ಮದುವೆಮನೆಯಲ್ಲಿ ನಾನು ನಿಮ್ಮನ್ನು ತೀರಾ ಪ್ರೀತಿಯಿಂದ ಹತ್ತಿರ ಎಳೆದು ಮಾತಾಡಿಸಿದರೆ ಮೋಸಹೋಗಬೇಡಿ. ನನಗೆ ಬೇಕಾದದ್ದು ನಿಮ್ಮ ಸೀರೆ.

ಈ ರೋಗ ಅಂಟಿದ್ದು ಕಾನ್ವೆಂಟಿನಲ್ಲಿ. ಹೊಲಿಗೆಯ ಸಿಸ್ಟರ್ ರಟ್ಟಿನ ತುಂಡಿಗೆ ಹಲ್ಲು ಕತ್ತರಿಸಿ, ಉದ್ದಕ್ಕೆ ನೂಲು ಬಿಗಿದು, ಅಡ್ಡಕ್ಕೆ ಸೂಜಿ ತೂರಿಸಿ ನಮ್ಮಿಂದ ಅಂಗೈಯಗಲದ ಬಟ್ಟೆ ನೇಯಿಸುತ್ತಿದ್ದರು. ಉದ್ದದ್ದು ಹಾಸು, ಅಡ್ಡದ್ದು ಹೊಕ್ಕು. ಒಂದರ ಮೇಲೆ, ಒಂದರ ಕೆಳಗೆ ಹೋದರೆ ಮಲ್ಲು, ವಾಯಿಲ್, ಪಾಪ್ಲಿನ್; ಎಲ್ಲ ಒಂದೇ ಮನೆತನ, ನೂಲಿನ ದಪ್ಪ ಬೇರೆ. ಸಾಲಿಗೊಂದು ಎಳೆಯಂತೆ ಸರಿಯುತ್ತ ಹೋದರೆ ಓರೆ ಗೆರೆ ಮೂಡಿ ಡ್ರಿಲ್ಲು. ಪೊಲೀಸರ ಚಡ್ಡಿಯದು, ಹರಿಯುವುದೇ ಇಲ್ಲ. ಸಾಟಿನ್ನಿನ ಎಳೆ ಮಾತ್ರ ನಾಲ್ಕರ ಮೇಲೆ ಹಾಯಾಗಿ ಮಲಗಿ ಒಂದಕ್ಕಷ್ಟೇ ತಲೆ ತಗ್ಗಿಸುತ್ತದೆ. ಅದರ ಹೊಳಪು ಬಂದದ್ದು ಅಲ್ಲಿಂದ. ಬಳೆ ತಾಗಿದೊಡನೆ ಕಿತ್ತುಬರುವುದೂ ಅದಕ್ಕಾಗಿಯೇ. ದುಡಿಯದವರ ಮೈ ಹೊಳೆಯುವುದನ್ನು ನಾನು ಸಂಸಾರದಲ್ಲಿಯೂ ಕಂಡಿದ್ದೇನೆ. ಯಾರೆಂದು ಹೇಳುವುದಿಲ್ಲ.

ಕೊನೆಯ ಪಾಠ ಬೆಂಕಿಯದು. ಹತ್ತಿಯ ಎಳೆ ಸುಟ್ಟರೆ ಕಾಗದದ ವಾಸನೆ, ರೇಷ್ಮೆ ಸುಟ್ಟರೆ ಕೂದಲಿನ ವಾಸನೆ. ಕೃತಕ ರೇಷ್ಮೆ ಎಷ್ಟೇ ಮೆರೆಯಲಿ, ಬೆಂಕಿಯ ಮುಂದೆ ಅದೂ ಕಾಗದವೇ.

ಮದುವೆಯಾಗಿ ಪುತ್ತೂರಿಗೆ ಬಂದ ಮೇಲೆ ಈ ವಿದ್ಯೆಯಿಂದ ನನಗೆ ಸ್ವಲ್ಪ ಹೆಸರೇ ಬಂತು. ನೆರೆಕರೆಯವರು ಬಟ್ಟೆ ತಂದರೆ ಮೊದಲು ನನ್ನ ಬೆರಳಿಗೆ ಮುಟ್ಟಿಸುತ್ತಿದ್ದರು. ನಾನು ಜವಳಿ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅಂಗಡಿಯ ಯಜಮಾನರಾದ ಬ್ಯಾರಿಯವರು ತಮ್ಮನನ್ನು ಕರೆದು, “ಅಕ್ಕ ಬಂದ್ರು, ಆ ಕಟ್ಟು ಒಳಗೆ ಇಡು ಮಾರಾಯ” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಇಷ್ಟೆಲ್ಲ ಬಲ್ಲವಳ ಪೆಟ್ಟಿಗೆಯಲ್ಲಿ ಇದ್ದದ್ದೇನು? ಕೈಮಗ್ಗದ ನೂಲಿನ ಸೀರೆಗಳು. ನಮ್ಮವರು, ಅಂದರೆ ನನ್ನ ಗಂಡ, ಸೀರೆ ಕೊಳ್ಳುವಾಗ ಕೇಳುವುದು ಒಂದೇ ಪ್ರಶ್ನೆ: “ಗಟ್ಟಿ ಉಂಟಲ್ಲ?” ಇದ್ದ ಒಂದೇ ರೇಷ್ಮೆ, ನನ್ನ ಧಾರೆಯ ಸೀರೆ, ಮಡಿಕೆ ಮಡಿಕೆಯಲ್ಲಿ ಬಿರಿದು ಹೋಗಿತ್ತು.

ಹೀಗಿರುವಾಗ ಪಕ್ಕದ ಮನೆಯ ರೋಹಿಣಿಗೆ ಸೀರೆ ಬಂತು. ರೋಹಿಣಿ ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡನಿಗೆ ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸ. ಎರಡು ವರ್ಷಕ್ಕೊಮ್ಮೆ ಊರು. ಆ ಸಲ ಬಂದವನು ಬದನೆ ಬಣ್ಣದ, ಮೈತುಂಬ ಜರಿಹೂವಿನ ಬನಾರಸು ಸೀರೆ ತಂದಿದ್ದ. ಅವನು ಬೊಂಬಾಯಿಗೆ ಹಿಂದಿರುಗಿದ ಮೇಲೆ ಅವಳು ಅದನ್ನು ಆಗಾಗ ಬಿಸಿಲಿಗೆ ಹಾಕುತ್ತಿದ್ದಳು, ಅದೂ ನಮ್ಮ ಅಡುಗೆಮನೆಯ ಕಿಟಕಿಗೆ ನೇರವಾಗಿ. ನಾನು ತೆಂಗಿನಕಾಯಿ ತುರಿಯುತ್ತ ನೋಡುತ್ತಿದ್ದೆ. ತುರಿಯಲ್ಲಿ ಚಿಪ್ಪಿನ ಕರಿ ಸೇರುತ್ತಿತ್ತು.

ಒಂದು ದಿನ ಬೆರಳು ತಡೆಯಲಿಲ್ಲ. ಬಿಸಿಲಿಳಿದು ಅವಳು ಸೀರೆ ಒಳಗೆ ತಂದ ಮೇಲೆ ಹೋಗಿ ಮುಟ್ಟಿದೆ. ರೇಷ್ಮೆ ಹಿಡಿದರೆ ಕೈಯಲ್ಲಿ ಬೆಚ್ಚಗಾಗುತ್ತದೆ. ಇದು ತಣ್ಣಗೇ ಉಳಿಯಿತು. ಹಿಂಡಿದರೆ ಸರಬರ ಸದ್ದೂ ಇಲ್ಲ. ನನಗೆ ಅನುಮಾನ ಬಂತೆಂದರೆ ಅರ್ಧ ಸತ್ಯ. ಇದು ಸುಳ್ಳಾಗಿರಲಿ ದೇವರೇ ಎಂಬ ಆಸೆ ಬಂತು.

ಅದೇ ವಾರ ಸುಳ್ಯದ ಆಚೆ ಆಲೆಟ್ಟಿಯಲ್ಲಿ ನಮ್ಮವರ ಕಡೆಯ ಒಂದು ಮದುವೆ. ರೋಹಿಣಿ ತಾನಾಗಿಯೇ ಸೀರೆ ಹಿಡಿದುಕೊಂಡು ಬಂದಳು.

“ಅಕ್ಕ, ಮದುವೆಗೆ ಇದನ್ನೇ ಉಡಿ. ಪೆಟ್ಟಿಗೆಯಲ್ಲಿ ಇಟ್ಟು ಎಂತ ಮಾಡುದು? ನೀವು ಉಟ್ಟರೆ ಅದಕ್ಕೂ ಒಂದು ಮರ್ಯಾದೆ.”

ಮದುವೆಯ ಬೆಳಿಗ್ಗೆ, ಉಡುವ ಮೊದಲು, ನಾನು ಸೊಂಟಕ್ಕೆ ಸಿಕ್ಕಿಸುವ ಒಳತುದಿಯಿಂದ ಹೊಕ್ಕಿನ ಒಂದು ಎಳೆ ಬಿಡಿಸಿದೆ. ಸಿಸ್ಟರ್ ಕಲಿಸಿದ ಕೈಚಳಕ, ನೋಡಿದವರಿಗೆ ತಿಳಿಯುವುದಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಕೆಂಡಕ್ಕೆ ಹಿಡಿದು ಮೂಗು ತಗ್ಗಿಸಿದೆ. ನನ್ನ ಮೂಗಿಗಿಂತ ಮೊದಲು ಚಾವಡಿಯಲ್ಲಿದ್ದ ಅತ್ತೆಯ ಮೂಗಿಗೆ ವಾಸನೆ ಮುಟ್ಟಿತು.

“ಯಾರ ಕಾಗದ ಸುಡುದು ನೀನು?”

ಕಾಗದ! ಅತ್ತೆಯ ಮಾತು ನನಗೆ ಅಷ್ಟು ಇಂಪಾಗಿ ಕೇಳಿದ್ದು ಅದೊಂದೇ ಸಲ.

ಗೆದ್ದೆ ಎಂದುಕೊಂಡೆ. ಆದರೆ ಬಸ್ಸಿನ ಹೊತ್ತಾಗಿತ್ತು, ಮದುವೆಗೆ ಉಡುವಂಥ ಬೇರೆ ಸೀರೆಯಿರಲಿಲ್ಲ. ಜಾಲ್ಸೂರು ದಾಟುವಾಗ ನನ್ನ ಗೆಲುವಿನ ಅವಸ್ಥೆ ನನಗೇ ಅರ್ಥವಾಯಿತು. ಈ ಸೀರೆ ಸುಳ್ಳು ಎಂದು ಯಾರಿಗೆ ಹೇಳಲಿ? ಅದು ಇದ್ದದ್ದು ನನ್ನ ಮೈಮೇಲೆ. ಮದುವೆಮನೆಯ ಅಂಗಳದಲ್ಲಿ ನಾದಿನಿ ಸೆರಗು ಹಿಡಿದಳು.

“ಬನಾರಸಾ ಅತ್ತಿಗೆ? ಅಲ್ಲ, ಕೇಳುದೆಂತಕ್ಕೆ! ನೀವು ಉಟ್ಟ ಮೇಲೆ ಅಸಲಿಯೇ.”

ನಾನು “ಹೂಂ” ಎಂದೆ. ಮದುವೆಯ ಪಾಯಸಕ್ಕೂ ರುಚಿ ಇರಲಿಲ್ಲ.

ಮರುದಿನ ಸೀರೆ ಹಿಂದೆ ಕೊಡಲು ಹೋದಾಗ ರೋಹಿಣಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು, “ಹೇಗಿತ್ತು ಅಕ್ಕ, ಸೀರೆ?”

“ಚಂದ ಉಂಟು.”

ಅವಳು ನಕ್ಕಳು. “ಬಟ್ಟೆ ಹಿಡಿದು ನೀವು ಬರೇ ಚಂದ ಉಂಟು ಅಂತ ಹೇಳಿದ್ದು ಇದೇ ಮೊದಲು. ಸುಟ್ಟು ನೋಡಿದಿರಾ?”

ನನ್ನ ಮುಖವೇ ಸುಟ್ಟಂತಾಯಿತು.

“ನಾನೂ ನೋಡಿದ್ದೆ,” ಎಂದಳು. “ಅವರು ಬೊಂಬಾಯಿಗೆ ಹೊರಟ ದಿವಸವೇ. ನೀವೇ ಅಲ್ವಾ ಆ ವಿದ್ಯೆ ಹೇಳಿಕೊಟ್ಟದ್ದು?”

“ಅವನಿಗೆ ಬರೆದು ತಿಳಿಸಲಿಲ್ವಾ?”

“ಎಂತ ಬರೆಯುದು ಅಕ್ಕ? ಬಂದ ದಿವಸ ಸೀರೆ ಬಿಡಿಸಿ ತೋರಿಸುವಾಗ ಅವರ ಕೈ ನಡುಗ್ತಾ ಇತ್ತು. ಅಂಗಡಿಯವ ಅವರಿಗೆ ಮೋಸ ಮಾಡಿದ. ಅದನ್ನು ಹೇಳಿ ನಾನೂ ಇನ್ನೊಂದು ಪೆಟ್ಟು ಕೊಡುದಾ? ಮೇ ತಿಂಗಳಲ್ಲಿ ಬರ್ತಾರೆ. ನಾಲ್ಕು ಜನ ಒಟ್ಟಿಗೆ ಇರುವಾಗ ಯಾರಾದ್ರೂ ನಕಲಿ ಅಂದುಬಿಟ್ಟರೆ ಅಂತ ಹೆದರಿಕೆ. ಅದಕ್ಕೇ ನಿಮಗೆ ಉಡ್ಲಿಕ್ಕೆ ಕೊಟ್ಟದ್ದು. ನೀವು ಉಟ್ಟ ಮೇಲೆ ಯಾರು ಮಾತಾಡ್ತಾರೆ?”

ನನ್ನ ವಿದ್ಯೆ, ನನ್ನ ಹೆಸರು, ನನ್ನ ಹೊಟ್ಟೆಕಿಚ್ಚು, ಮೂರನ್ನೂ ಈ ಹುಡುಗಿ ಎಷ್ಟು ನಾಜೂಕಾಗಿ ನೇಯ್ದುಕೊಂಡಿದ್ದಳು! ಮನೆಗೆ ಬಂದು ನನ್ನ ಪೆಟ್ಟಿಗೆ ತೆರೆದೆ. ಎಲ್ಲ ಅಸಲಿ; ಧಾರೆಯದೊಂದು ಬಿಟ್ಟರೆ ಎಲ್ಲ ಗಟ್ಟಿ. ಯಾವುದಕ್ಕೂ ನಡುಗಿದ ಕೈ ತಾಗಿರಲಿಲ್ಲ. ಗಂಡನಿಗಾಗಿ ಮುಚ್ಚಿಡಲು ನನ್ನಲ್ಲಿ ಒಂದು ಸುಳ್ಳು ಸೀರೆಯೂ ಇರಲಿಲ್ಲ. ಅಲ್ಲಿಯವರೆಗೆ ಅವಳ ಸೀರೆಯ ಮೇಲೆ ಇದ್ದ ಕಿಚ್ಚು ಆ ದಿನ ಅವಳ ಮೇಲೆಯೇ ಹೊತ್ತಿಕೊಂಡಿತು.

ಮೇ ತಿಂಗಳಲ್ಲಿ ಅವನು ಬಂದ. ನಾನು ಜವಳಿ ಅಂಗಡಿಯಲ್ಲಿ ಲಾಂಗ್‌ಕ್ಲಾತ್ ಬಟ್ಟೆಯನ್ನು ಬೆರಳಲ್ಲಿ ಉಜ್ಜುತ್ತ ಕುಳಿತಿದ್ದಾಗ ಇಬ್ಬರೂ ಮೆಟ್ಟಿಲು ಹತ್ತಿದರು. ಅವಳು ಆ ಸೆಕೆಯಲ್ಲೂ ಬದನೆ ಬಣ್ಣ ಉಟ್ಟಿದ್ದಳು. ಅವನು ಅರ್ಧ ಹೆಜ್ಜೆ ಹಿಂದೆ, ಸೀರೆಯನ್ನೇ ನೋಡುತ್ತ. ಬ್ಯಾರಿಯವರ ಕಣ್ಣು ಸೆರಗಿನ ಮೇಲೆ ಒಮ್ಮೆ ನಿಂತು ನನ್ನ ಕಡೆ ತಿರುಗಿತು. ಬಟ್ಟೆಯಲ್ಲೇ ಬೆಳೆದವರು ಅವರು; ಬೆಂಕಿ ಬೇಕಾಗಿರಲಿಲ್ಲ.

“ಎಂತ ಅಕ್ಕ, ಬನಾರಸಾ?”

ರೋಹಿಣಿ ನೆಲ ನೋಡಿದಳು. ಅವಳ ಗಂಡ ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಅಸಲಿ,” ಎಂದೆ. “ನಾನೇ ಉಟ್ಟು ನೋಡಿದ್ದೇನೆ.”

ಬ್ಯಾರಿಯವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, “ಅಕ್ಕ ಹೇಳಿದ ಮೇಲೆ ಮುಗೀತು” ಎಂದು ತಲೆ ತಗ್ಗಿಸಿ ಗಜಕೋಲು ಎತ್ತಿಕೊಂಡರು. ಅವನ ಮುಖ ಸಾಟಿನ್ನಿನ ಹಾಗೆ ಹೊಳೆಯಿತು. ಅವಳು ಹಿಂದೆ ಕೈ ಚಾಚಿ, ಯಾರಿಗೂ ಕಾಣದಂತೆ ಎಂದುಕೊಂಡು, ಅವನ ಅಂಗಿಯ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದುಕೊಂಡಳು.

ನನ್ನ ಬೆರಳು ತುರಿಸತೊಡಗಿತು.