ಟುಟುವಿಗೆ ಗಂಜಿ ಹಾಕಿದ್ದು

ನೆಂಟರು ಬಂದರೆ ಮಂಚ ಬಿಟ್ಟುಕೊಟ್ಟು ನೆಲದ ಮೇಲೆ ಚಾಪೆ ಹಾಸಿ ಮಲಗಿ ಬೆಳೆದವಳು ನಾನು. ಆದರೆ ಒಂದು ಲಂಗಕ್ಕೆ ಇಡೀ ಕೋಣೆ ಬಿಟ್ಟುಕೊಟ್ಟದ್ದು ಐರ್ಲೆಂಡಿಗೆ ಬಂದ ಮೇಲೆಯೇ. ಡಬ್ಲಿನ್ ಪಕ್ಕದ ಲೂಕನ್‌ನಲ್ಲಿರುವ ನಮ್ಮ ಮನೆಗೆ ಅದು ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಬಂತು. ಅದಕ್ಕೆ ಜಾಗ ಬಿಟ್ಟು ನನ್ನ ಮಗಳು ಇಂಚರಾ ಹಿಂದೆ ಮುದುಡಿಕೊಂಡು ಕೂತಿದ್ದಳು. ಆ ಲಂಗವನ್ನು ಮಡಚುವ ಹಾಗಿಲ್ಲ, ಹ್ಯಾಂಗರಿಗೆ ಸಿಕ್ಕಿಸುವ ಹಾಗಿಲ್ಲ, ಬೋರಲಾಗಿ ಮಲಗಿಸಬೇಕು. ಹಸುಗೂಸಿಗೂ ಇಷ್ಟು ಉಪಚಾರ ಬೇಕಾಗುವುದಿಲ್ಲ.

ಇದರ ಹೆಸರು ಟುಟು. ಬ್ಯಾಲೆ ಎಂಬ ಇಲ್ಲಿನ ಕುಣಿತಕ್ಕೆ ಹುಡುಗಿಯರು ಉಡುವ ಲಂಗ. ಉಡುವುದು ಎನ್ನುವುದೂ ದೊಡ್ಡ ಮಾತು. ಬಲೆಬಟ್ಟೆಯನ್ನು ಪದರದ ಮೇಲೆ ಪದರ ಪೇರಿಸಿ ಸೊಂಟದ ಸುತ್ತ ಊಟದ ತಟ್ಟೆಯಂತೆ ಅಡ್ಡಡ್ಡ ನಿಲ್ಲಿಸಿರುತ್ತಾರೆ. ಒಂದು ಹುಡುಗಿಯ ಲಂಗಕ್ಕೆ ತಗಲುವ ಬಟ್ಟೆಯಲ್ಲಿ ನಮ್ಮ ತುಮಕೂರಿನ ದರ್ಜಿ ಒಂದು ಮನೆಯ ಕಿಟಕಿಗಳಿಗೆಲ್ಲ ಪರದೆ ಹೊಲಿದಾನು. ಇಷ್ಟೆಲ್ಲ ಮಾಡಿಯೂ ಮುಚ್ಚಬೇಕಾದದ್ದು ಮುಚ್ಚುವುದಿಲ್ಲ.

ಅದಕ್ಕೆ ಕೊಟ್ಟದ್ದು ನಮ್ಮ ಬಾಕ್ಸ್ ರೂಮನ್ನು. ಇಲ್ಲಿನ ಮನೆಗಳಲ್ಲಿ ಮಹಡಿಯ ಮೂಲೆಯಲ್ಲಿ ಪೆಟ್ಟಿಗೆಯಂಥ ಸಣ್ಣ ಕೋಣೆಯೊಂದಿರುತ್ತದೆ, ಅದಕ್ಕೆ ಆ ಹೆಸರು. ಅತ್ಲೋನ್ ಊರಿಗೆ ಓದಲು ಬಂದ ವರ್ಷ ಅಂಥದೊಂದು ಕೋಣೆಗಾಗಿ ನಾನು ಎಷ್ಟು ಜನರಿಗೆ ಹಲ್ಲು ಗಿಂಜಿದ್ದೆನೋ ಲೆಕ್ಕವಿಲ್ಲ. ಕೊನೆಗೆ ಸಿಕ್ಕಿದ್ದು ಇನ್ನೊಬ್ಬಳ ಜೊತೆ ಹಂಚಿಕೊಂಡ ಹಾಸಿಗೆ, ಒದ್ದೆ ವಾಸನೆಯ ಗೋಡೆ. ಆ ಚಳಿಗಾಲದಲ್ಲಿ ಮಾತಾಡಲು ಜನರಿಲ್ಲದೆ ಅನ್ನದ ಕುಕ್ಕರಿನ ಸೀಟಿಯನ್ನೇ ಕಾಯುತ್ತಿದ್ದೆ. ಈಗ ಅಂಥದೇ ಕೋಣೆಯಲ್ಲಿ ಲಂಗ ಮಲಗಿದೆ, ಹೀಟರ್ ಹಾಕಿಸಿಕೊಂಡು. ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಟುಟು ನಮ್ಮದಲ್ಲ, ಬ್ಯಾಲೆ ಶಾಲೆಯದು. ವರ್ಷದ ಕೊನೆಯ ಪ್ರದರ್ಶನದಲ್ಲಿ ಒಬ್ಬಳೇ ಬಂದು ಕುಣಿಯುವ ಭಾಗ ಇಂಚರಾಳಿಗೆ ಸಿಕ್ಕಿತ್ತು, ಅದಕ್ಕಾಗಿ ಕೊಟ್ಟಿದ್ದರು. ಕೊಡುವ ಮುಂಚೆ ಅವಳ ಟೀಚರ್ ಓರ್ಲಾ ನನ್ನನ್ನು ಕೂರಿಸಿಕೊಂಡು ಅದರ ವಂಶಾವಳಿ ಹೇಳಿದಳು. ಹೆಚ್ಚುಕಡಿಮೆ ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಇದು ಮೀನಖಂಡದವರೆಗೆ ಇಳಿಬಿದ್ದ ತೆಳು ಹತ್ತಿಬಟ್ಟೆಯ ಬಿಳಿ ಲಂಗವಾಗಿತ್ತಂತೆ. ನೆಟ್ಟಗೆ ನಿಲ್ಲಲಿ ಎಂದು ಗಂಜಿ ಹಾಕುತ್ತಿದ್ದರಂತೆ. ಆಮೇಲೆ ಕಾಲಿನ ಚಮತ್ಕಾರ ಜನರಿಗೆ ಕಾಣಲಿ ಎಂದು ಮೊಣಕಾಲಿಗೆ ಏರಿಸಿದರು, ಅಲ್ಲಿಂದ ತೊಡೆಗೆ, ಅಲ್ಲಿಂದ ಸೊಂಟಕ್ಕೆ. ಕಡೆಗೆ ತಂತಿಯ ಬಳೆ ಕೂರಿಸಿ ತಟ್ಟೆ ಮಾಡಿದರು, ಹತ್ತಿಯ ಬದಲು ನೈಲಾನ್ ತಂದರು. ನಮ್ಮ ಕಡೆ ಲಂಗದ ಅಂಚನ್ನು ಒಳಗೆ ಮಡಚಿ ಹೊಲಿದು ಹುಡುಗಿ ಬೆಳೆದಂತೆ ಬಿಚ್ಚಿ ಉದ್ದ ಮಾಡುತ್ತಾರೆ. ಇವರ ಲಂಗ ಇನ್ನೂರು ವರ್ಷದಿಂದ ಕುಗ್ಗುತ್ತಲೇ ಬಂದಿದೆ.

ರಂಗದ ಮೇಲೆ ಗ್ಯಾಸ್ ದೀಪ ಉರಿಯುತ್ತಿದ್ದ ಕಾಲದಲ್ಲಿ ಈ ಲಂಗಗಳಿಗೆ ಕಿಡಿ ತಾಗಿ ಹುಡುಗಿಯರು ಬೆಂದು ಸತ್ತದ್ದೂ ಉಂಟಂತೆ. ಬೆಂಕಿ ಹಿಡಿಯದಂತೆ ಔಷಧದಲ್ಲಿ ಅದ್ದಿದ ಬಟ್ಟೆ ಕೊಟ್ಟರೆ, ಬಿಳುಪು ಮಂಕಾಗುತ್ತದೆ ಎಂದು ಕೆಲವರು ಬೇಡವೆಂದರಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಗಾದೆ ನಮ್ಮದು. ಇವರದು ಅದಕ್ಕೂ ಒಂದು ಕೈ ಮೇಲು. ಓರ್ಲಾ ಇದನ್ನೆಲ್ಲ ಕಣ್ಣು ಅರಳಿಸಿಕೊಂಡು ಹೇಳಿದಳು, ನಾನು ತಲೆ ಆಡಿಸಿದೆ.

ಮನೆಗೆ ಬಂದವಳೇ ಗೆಳತಿ ಸುಮಾಗೆ ಫೋನ್ ಮಾಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಸುಮಾ ಮಂಡ್ಯದವಳು, ನಮ್ಮ ಎಸ್ಟೇಟಿನ ಕೊನೆಯ ಮನೆಯಲ್ಲಿದ್ದಾಳೆ. ಎಸ್ಟೇಟ್ ಎಂದರೆ ಇಲ್ಲಿ ಕಾಫಿ ತೋಟವಲ್ಲ, ಒಂದೇ ಅಚ್ಚಿನ ಜೋಡಿ ಮನೆಗಳ ಬಡಾವಣೆ. ಕುಂಡೆ ಕಾಣುವ ಲಂಗ ಎಂದೆ, ಸೊಳ್ಳೆಪರದೆ ಎಂದೆ. ಕೊನೆಗೆ ನಗುತ್ತಾ ಹೇಳಿದೆ, "ಇದೊಂದು ಹರ್ದೋಗ್ಲಿ ಸುಮಾ, ಗಣಪತಿಗೆ ಕಡುಬು ಮಾಡ್ತೀನಿ." ಇಂಚರಾ ಪಕ್ಕದಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಇಲ್ಲಿಯೇ ಹುಟ್ಟಿದ ಹುಡುಗಿ, ನಾನು ಕನ್ನಡದಲ್ಲಿ ಕೇಳಿದರೆ ಐರಿಶ್ ರಾಗದ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಅವಳ ಎದುರಿಗೆ ಕನ್ನಡದಲ್ಲಿ ಏನು ಬೇಕಾದರೂ ಆಡಬಹುದು ಎಂದು ಯಾವಾಗಿನಿಂದ ಅಂದುಕೊಂಡೆನೋ ಗೊತ್ತಿಲ್ಲ.

ಇಲ್ಲಿನ ಗಾಳಿಯಲ್ಲಿ ಹಪ್ಪಳವೇ ಗರಿಗರಿ ಉಳಿಯುವುದಿಲ್ಲ, ಇನ್ನು ಟುಟು ಉಳಿದೀತೇ? ಹೀಟರ್ ಹಾಕಿದರೂ ಕೆಲವೇ ದಿನಗಳಲ್ಲಿ ಅಂಚು ಜೋಲು ಬಿತ್ತು. ಬೈಯುವುದು ಬೇರೆ, ಎಲ್ಲರೆದುರು ಮಗಳ ಲಂಗ ಜೋತಾಡುವುದು ಬೇರೆ. ಸೋನಾಮಸೂರಿ ಅನ್ನ ಬೇಯಿಸಿ, ಗಂಜಿ ಬಸಿದು, ಹತ್ತಿ ಸೀರೆಗೆ ಅಮ್ಮ ಹಾಕುತ್ತಿದ್ದ ಹಾಗೆಯೇ ಪದರ ಪದರಕ್ಕೂ ಹಾಕಿದೆ. ಗಂಜಿಯ ಮಾತು ಎತ್ತಿದ್ದು ಓರ್ಲಾಳೇ ತಾನೇ. ಒಣಗಿದ ಮೇಲೆ ಅದು ಹೇಗೆ ನಿಂತಿತೆಂದರೆ, ನಾನೇ ಎದುರು ನಿಂತು ಮೆಚ್ಚಿಕೊಂಡೆ.

ಹತ್ತಿ ಗಂಜಿ ಕುಡಿಯುತ್ತದೆ, ನೈಲಾನ್ ಕುಡಿಯುವುದಿಲ್ಲ. ಇದು ಗೊತ್ತಾದದ್ದು ಗುರುವಾರದ ರಿಹರ್ಸಲ್‌ನಲ್ಲಿ. ಇಂಚರಾ ಒಂದು ಸುತ್ತು ತಿರುಗಿದ್ದೇ ತಡ, ಗಂಜಿಯೆಲ್ಲ ತಲೆಹೊಟ್ಟಿನಂತೆ ಉದುರಿ ಕಪ್ಪು ನೆಲ ಬೆಳ್ಳಗಾಯಿತು. ಹಿಂದಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಓರ್ಲಾ ಅಂಚು ಮುಟ್ಟಿ ನೋಡಿ "ಗ್ರ್ಯಾಂಡ್" ಎಂದಳು. ಇಲ್ಲಿ ಎಲ್ಲಕ್ಕೂ ಇದೇ ಮಾತು. ಚೆನ್ನಾಗಿದೆ ಎಂಬುದಕ್ಕೂ ಗ್ರ್ಯಾಂಡ್, ಹಾಳಾಯಿತು ಎಂಬುದಕ್ಕೂ ಗ್ರ್ಯಾಂಡ್. ಆಮೇಲೆ ಮೆಲ್ಲಗೆ ಹೇಳಿದಳು, ಶನಿವಾರದೊಳಗೆ ಇದು ಸರಿಯಾಗದಿದ್ದರೆ ಆ ಭಾಗವನ್ನು ಬೇರೊಬ್ಬಳಿಗೆ ಕೊಡಬೇಕಾಗುತ್ತದೆ ಎಂದು.

ಮನೆಯ ಮುಂದೆ ಕಾರು ನಿಲ್ಲಿಸಿದಾಗ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿತು.

"ಬೇಕಂತ್ಲೇ ಮಾಡ್ದೆ ಅಲ್ವಾ ಅಮ್ಮ? ಈಗ ಕಡುಬು ಮಾಡ್ತೀಯಾ?"

ಅವಳ ಬಾಯಿಂದ ಇಡೀ ಕನ್ನಡ ವಾಕ್ಯ ಕೇಳಬೇಕೆಂದು ನಾನು ಎಷ್ಟು ವರ್ಷ ಹಂಬಲಿಸಿದ್ದೆ. ಕೇಳಿದ್ದು ಇದು. ಇಲ್ಲ ಕಣೇ, ಚೆನ್ನಾಗಿ ಕಾಣಲಿ ಅಂತ ಮಾಡಿದ್ದು ಎಂದೆ. ಅವಳು ಕಾರಿನ ಬಾಗಿಲು ಹಾಕಿ ಮನೆಯೊಳಗೆ ಹೋದಳು. ನಂಬಲು ಅವಳಿಗೆ ಕಾರಣವಾದರೂ ಏನಿತ್ತು? ಇಷ್ಟು ದಿನ ಅವಳು ಕೇಳಿದ್ದು ನನ್ನ ನಾಲಗೆಯನ್ನು.

ಗಂಡ ಲಿಮೆರಿಕ್‌ನಲ್ಲಿ ಕೆಲಸ ಮಾಡಿ ವಾರಾಂತ್ಯಕ್ಕೆ ಬರುವವನು, ಸಹಾಯಕ್ಕೆ ಯಾರೂ ಇರಲಿಲ್ಲ. ಶುಕ್ರವಾರ ರಜೆ ಹಾಕಿದೆ. ಬಾತ್‌ಟಬ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಟುಟುವನ್ನು ಅಂಗೈ ಮೇಲೆ ಇಟ್ಟುಕೊಂಡು, ಪದರ ಬಿಡಿಸಿ ಬಿಡಿಸಿ ಗಂಜಿ ತೊಳೆದೆ. ದೇವರ ವಿಗ್ರಹಕ್ಕೂ ನಾನು ಇಷ್ಟು ಭಕ್ತಿಯಿಂದ ಅಭಿಷೇಕ ಮಾಡಿಲ್ಲ. ಒಣಗಿದಾಗ ಪದರಗಳನ್ನು ಹಿಡಿದಿಟ್ಟಿದ್ದ ಹೊಲಿಗೆ ಎಲ್ಲೆಲ್ಲೋ ಬಿಟ್ಟುಹೋಗಿತ್ತು. ಓರ್ಲಾ ಫೋನಿನಲ್ಲಿ ಹೇಳಿಕೊಟ್ಟಳು. ಬಿಗಿಯಾಗಿ ಹೊಲಿದರೆ ಮುದುರಿಕೊಳ್ಳುತ್ತದೆ, ಪದರ ಪದರವನ್ನು ಸಡಿಲ ದಾರದಲ್ಲಿ ಮಾತ್ರ ಹಿಡಿಯಬೇಕು. ಬೈದುಕೊಳ್ಳುತ್ತಲೇ ಹೊಲಿದೆ. ಪ್ಯಾರಿಸ್ಸಿನವರನ್ನು ಬೈದೆ, ನೈಲಾನ್ ಕಂಡುಹಿಡಿದವನನ್ನು ಬೈದೆ. ಶಾಲೆಯಿಂದ ಬಂದ ಇಂಚರಾ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಬಂದು ಕೂತು ಸೂಜಿಗೆ ದಾರ ಪೋಣಿಸಿ ಕೊಡತೊಡಗಿದಳು.

ಶನಿವಾರ ಅವಳು ಕುಣಿದಳು. ಟುಟು ಮೊದಲಿನಷ್ಟು ನೆಟ್ಟಗಿರಲಿಲ್ಲ, ಅಂಚು ಸ್ವಲ್ಪ ಮೆತ್ತಗಾಗಿತ್ತು. ನಾನು ನೋಡಿದ್ದು ಕಾಲನ್ನಲ್ಲ, ಹೊಲಿಗೆ ಬಿಡುತ್ತದೆಯೋ ಏನೋ ಎಂದು ಅಂಚನ್ನೇ. ಬಿಡಲಿಲ್ಲ. ಜನ ಚಪ್ಪಾಳೆ ತಟ್ಟಿದರು, ನಾನು ಉಸಿರು ಬಿಟ್ಟೆ.

ಭಾನುವಾರ ಕಡುಬು ಮಾಡಿದೆ. ಡಬ್ಬಿಗೆ ತುಂಬಿಕೊಂಡು ಮಗಳ ಜೊತೆ ಸುಮಾಳ ಮನೆಗೆ ಹೋದೆ. ಅವಳು ಮುಚ್ಚಳ ತೆಗೆದವಳೇ ಜೋರಾಗಿ ನಕ್ಕಳು. "ಹಾಗಾದ್ರೆ ಹರ್ದೇ ಹೋಯ್ತು ಅನ್ನು, ಆ ಕುಂಡೆ ಕಾಣೋ ಲಂಗ?"

ಅದು ನನ್ನದೇ ಮಾತು, ಒಂದಕ್ಷರ ಬದಲಾಗಿರಲಿಲ್ಲ. ಆದರೂ ಮುಖಕ್ಕೆ ಹೊಡೆದ ಹಾಗಾಯಿತು.

"ನೋಡ್ಕೊಂಡು ಮಾತಾಡು ಸುಮಾ," ಎಂದೆ. "ಅದನ್ನ ಹೊಲ್ದಿರೋಳು ನಾನು. ಹರೀಲಿಲ್ಲ ಅಂತ್ಲೇ ಕಡುಬು ಮಾಡಿರೋದು."

ಸುಮಾ ಕಕ್ಕಾಬಿಕ್ಕಿಯಾದಳು. ಸೋಫಾದ ತುದಿಯಲ್ಲಿದ್ದ ಇಂಚರಾ ತಲೆ ಎತ್ತಿ ನನ್ನನ್ನು ನೋಡಿ, ಡಬ್ಬಿಯಿಂದ ಒಂದು ಕಡುಬು ತೆಗೆದುಕೊಂಡಳು.

ಟುಟು ಶಾಲೆಗೆ ಮರಳಿದೆ, ಇಂಚರಾ ಮುಂದಿನ ಸೀಟಿಗೆ ಮರಳಿದ್ದಾಳೆ. ಆ ಲಂಗದ ಬಗ್ಗೆ ನನ್ನ ಅಭಿಪ್ರಾಯ ಏನೇನೂ ಬದಲಾಗಿಲ್ಲ. ರಜೆಗೆ ತುಮಕೂರಿಗೆ ಹೋದಾಗ ಯಾರಾದರೂ ಐರ್ಲೆಂಡಿನ ಮಳೆಯನ್ನು ಹಳಿದರೆ ನನಗೆ ಸಿಟ್ಟು ಬರುತ್ತದೆ, ಇಲ್ಲಿ ಯಾರಾದರೂ ನಮ್ಮೂರಿನ ಧೂಳನ್ನು ಹಳಿದರೂ ಬರುತ್ತದೆ. ಎರಡನ್ನೂ ಬಾಯಿ ತುಂಬ ಬೈಯುವವಳು ನಾನೇ. ಬೈಯುವಾಗ ಈಗ ಒಮ್ಮೆ ಪಕ್ಕಕ್ಕೆ ತಿರುಗಿ, ಯಾರು ಕೂತಿದ್ದಾರೆ ಎಂದು ನೋಡಿಕೊಳ್ಳುತ್ತೇನೆ.