ಹಿಮ್ಮೇಳದವನ ಆಲ್ಬಂ

ಇಪ್ಪತ್ತು ವರ್ಷ ಹಾಡಿದವನು ನಾನು. ಆದರೆ ಒಂದು ಪದವನ್ನೂ ಶುರು ಮಾಡಿದವನಲ್ಲ. ಭಜನೆಯಲ್ಲಿ ಒಬ್ಬರು ಮುಂದೆ ಹಾಡುತ್ತಾರೆ, ಉಳಿದವರು ಅದೇ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ನಾನು ಹಿಂದಿನವನು. ಕೈಯಲ್ಲಿ ತಾಳ, ಕಣ್ಣು ಮುಂದಿನವರ ಬಾಯಿಯ ಮೇಲೆ. ಅವರು ಸಾಲು ಬಿಟ್ಟ ಕೂಡಲೇ ನಾನು ಹಿಡಿಯಬೇಕು, ಅಷ್ಟೇ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ.

ಮುಂದೆ ಹಾಡುತ್ತಿದ್ದವರನ್ನು ನಾವೆಲ್ಲ ಅಣ್ಣಾರು ಎನ್ನುತ್ತಿದ್ದೆವು. ನನ್ನ ಹಾಗೆ ಬಾಗಲಕೋಟೆ ಕಡೆಯವರು, ಪೀಣ್ಯದ ಒಂದು ಫೌಂಡ್ರಿಯಲ್ಲಿ ಕೆಲಸ. ನಾನು ಸ್ಪ್ರಿಂಗ್ ಮಾಡುವ ಕಾರ್ಖಾನೆಯಲ್ಲಿದ್ದೇನೆ. ರಾಜಗೋಪಾಲನಗರದ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಪ್ರತಿ ಶನಿವಾರ ಸಂಜೆ ನಾಲ್ವರು ಕೂರುತ್ತಿದ್ದೆವು. ಒಬ್ಬ ಊರಿಗೆ ವಾಪಸಾದ. ಇನ್ನೊಬ್ಬನ ಕಾರ್ಖಾನೆಯೇ ಬೇರೆ ಕಡೆ ಹೋಯಿತು, ಹಿಂದೆ ಅವನೂ ಹೋದ. ಕೊನೆಗೆ ಅಣ್ಣಾರು ಮತ್ತು ನಾನು. ಹೋದ ವರ್ಷ ಎದೆನೋವೆಂದು ಆಸ್ಪತ್ರೆ ಸೇರಿದ ಅಣ್ಣಾರು ಮೂರೇ ದಿನದಲ್ಲಿ ತೀರಿಕೊಂಡರು.

ನನಗೆ ಮದುವೆಯಾಗಿಲ್ಲ. ಯಾಕೆಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ವಾರವಿಡೀ ಮಷೀನಿನ ಸದ್ದಿನಲ್ಲಿ ಬಾಯಿ ಮುಚ್ಚಿಕೊಂಡಿದ್ದು ಶನಿವಾರ ಒಂದು ದಿನ ತೆರೆಯುತ್ತಿದ್ದೆ. ಅದೂ ನಿಂತ ಮೇಲೆ ಆ ಹೊತ್ತಿಗೆ ಏನು ಮಾಡಬೇಕೆಂದು ತೋಚದೆ, ಅನ್ನ ಮಾಡಿಟ್ಟದ್ದನ್ನು ಮರೆತು ಮತ್ತೊಮ್ಮೆ ಅನ್ನಕ್ಕಿಟ್ಟದ್ದೂ ಉಂಟು.

ಅಣ್ಣಾರ ಪದಗಳು ಯಾವ ಫೋನಿನಲ್ಲೂ ಇರಲಿಲ್ಲ. ಯಾರಾದರೂ ಫೋನ್ ಎತ್ತಿ ಹಿಡಿದರೆ ಅವರು ಏಕತಾರಿ ಕೆಳಗಿಟ್ಟುಬಿಡುತ್ತಿದ್ದರು. "ಪದ ಮಂದಿ ಬಾಯಾಗ ಇರಬೇಕಪಾ, ಡಬ್ಬ್ಯಾಗಲ್ಲ" ಎನ್ನುವುದು ಅವರ ವಾದ. ಬರೆದಿಟ್ಟಿರಲೂ ಇಲ್ಲ, ಅವರಿಗೆ ಅಕ್ಷರ ಬರುತ್ತಿರಲಿಲ್ಲ. ತಿಂಗಳ ತಿಥಿಗೆಂದು ಮಾಕಳಿಯಲ್ಲಿರುವ ಅವರ ಮಗಳ ಮನೆಗೆ ಹೋದಾಗ ಅವರ ಹೆಂಡತಿ, ನಮಗೆಲ್ಲ ವೈನಿ, ಆ ಏಕತಾರಿಯನ್ನು ತಂದು ನನ್ನ ತೊಡೆಯ ಮೇಲಿಟ್ಟರು.

"ಮನ್ಯಾಗ ಫೋಟೊ ಐತಿ, ಅಂಗಿ ಅದಾವು. ಅವರ ಪದ ಒಂದೂ ಇಲ್ಲ ತಮ್ಮಾ. ನಿನಗ ಬರ್ತಾವಲ್ಲ, ಹಾಡಿ ಕೊಡು."

"ಆತ್ರಿ ವೈನಿ" ಎಂದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಎಂಟು ಪದದ ಒಂದು ಆಲ್ಬಮ್ಮೇ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಹಿಮ್ಮೇಳದವನಿಗೆ ಈ ಆಲ್ಬಮ್ಮಿನ ಹುಚ್ಚು ಎಲ್ಲಿಂದ ಹತ್ತಿತೋ.

ಭಾನುವಾರ ಪೀಣ್ಯದ ಮಷೀನುಗಳು ಬಾಯಿ ಮುಚ್ಚಿರುತ್ತವೆ. ಬಾಗಿಲಿಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ, ಅಕ್ಕಿ ಡಬ್ಬಿಗೆ ಫೋನ್ ಒರಗಿಸಿ ಚಾಪೆಯ ಮೇಲೆ ಕೂತೆ. ಏಕತಾರಿ ಮೀಟಿದೆ. ಬಾಯಿ ತೆರೆದೆ. ಸಾಲು ಬರಲಿಲ್ಲ.

ಮಾತು ಮರೆತಿತ್ತು ಎಂದಲ್ಲ. ಎಲ್ಲ ಗಂಟಲಲ್ಲೇ ಇತ್ತು. ಆದರೆ ಯಾರಾದರೂ ಮೊದಲು ಹೇಳದೆ ಅದು ಹೊರಡಲೊಲ್ಲದು. ಎದುರುಮನೆಯ ಕುಕ್ಕರನ್ನು ಬೈದೆ, ಮೊಟ್ಟೆ ಮಾರುವವನ ಮೈಕನ್ನು ಬೈದೆ, ಫೋನೇ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಓನರ್ ಮನೆಯ ಅಕ್ಕ ಕಿಟಕಿಯಲ್ಲಿ ಬಗ್ಗಿ, "ಯಾಕಣ್ಣ, ಫ್ಯಾನ್ ಕೆಟ್ಟೋಯ್ತಾ? ಇಂಗೆ ಬಾಗ್ಲಿಗೆ ದುಪ್ಟಿ ಕಟ್ಕಂಡು ಬೆಂದೋಗ್ತಿದೀರಲ್ಲ" ಎಂದರು. ಭಜನೆ ಅಭ್ಯಾಸ ಎಂದೆ. ಒಬ್ಬರೇನಾ ಎಂದು ಕೇಳಿದರು. ಒಬ್ಬನೇ ಎಂದು ಹೇಳುವಾಗ ನನಗೆ ಯಾಕೋ ವಿಪರೀತ ಸಿಟ್ಟು ಬಂತು.

ಹೀಗೆ ಮೂರು ಭಾನುವಾರ ಹೋದವು. ಅಷ್ಟರಲ್ಲಿ ಒಂದು ಪದದ ಕೊನೆಯ ನುಡಿ ನನ್ನ ತಲೆಯಿಂದ ಜಾರಿಹೋಗಿತ್ತು. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಎಲ್ಲೆಲ್ಲೂ ಹುಡುಕಿದೆ. ಸಿಗಲಿಲ್ಲ. ಆಗ ನಿಜವಾಗಿ ಹೆದರಿದೆ. ಈ ಪದಗಳು ಈಗ ಇರುವುದು ನನ್ನೊಬ್ಬನ ಹತ್ತಿರ, ನಾನು ಕೈಚೆಲ್ಲಿದರೆ ವೈನಿಗೆ ಯಾವತ್ತೂ ಸಿಗುವುದಿಲ್ಲ.

ನಾಲ್ಕನೆಯ ವಾರ ಒಂದು ಉಪಾಯ ಮಾಡಿದೆ. ಗೋಡೆಯ ಕಡೆ ನೋಡುತ್ತಾ, ಅಣ್ಣಾರು ಎದುರಿಗೇ ಕೂತಿದ್ದಾರೆ ಎಂದುಕೊಂಡು ಬರೀ ಏಕತಾರಿ ಮೀಟುತ್ತಾ ಹೋದೆ. ಕಿವಿಯಲ್ಲಿ ಅವರು ಎತ್ತರದ ದನಿಯಲ್ಲಿ ಸಾಲು ಹೇಳಿದರು. ಮುಗಿಸಿದ ಕೂಡಲೇ ನಾನು ಹಿಡಿದೆ. ಬಂತು. ಮುಂದಿನ ಸಾಲಿಗೂ ಹಾಗೇ ಕಾದೆ, ಅದೂ ಬಂತು. ಕಳೆದುಹೋಗಿದ್ದ ನುಡಿ ಕೂಡ ತಾನಾಗಿ ಬಂದು ಕೂತಿತು. ಎರಡು ಭಾನುವಾರಕ್ಕೆ ಎಂಟೂ ಪದ ಮುಗಿದವು. ಫೋನಿನಲ್ಲಿ ಹಾಕಿ ಕೇಳಿದರೆ, ಕಟ್ಟೆಯ ಮೇಲೆ ಇಬ್ಬರೂ ಕೂತು ಹಾಡಿದ ಹಾಗೆಯೇ ಇತ್ತು. ಪರವಾಗಿಲ್ಲವೇ ನೀನು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪೆನ್‌ಡ್ರೈವಿಗೆ ಹಾಕಿಸಲು ದಾಸರಹಳ್ಳಿಯ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಸ್ವಲ್ಪ ಕೇಳಿ ನೋಡಿ, "ಅಣ್ಣ, ಮಧ್ಯ ಮಧ್ಯ ವಾಯ್ಸೇ ಇಲ್ವಲ್ಲ. ಬರೀ ಟೊಂಯ್ ಟೊಂಯ್ ಬರ್ತೈತೆ. ಕಟ್ ಮಾಡ್ಬಿಡ್ಲಾ? ಅರ್ಧಕ್ಕರ್ಧ ಕಮ್ಮಿ ಆಗುತ್ತೆ" ಎಂದ.

"ಮುಟ್ಟಬೇಡ" ಎಂದೆ. "ಗೊತ್ತಿದ್ದೋರಿಗೆ ಅದು ಕೇಳ್ಸುತ್ತೆ."

ಅವನು ನನ್ನ ಮುಖ ನೋಡಿದ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಅದೇ ಗತ್ತಿನಲ್ಲಿ ಬಸ್ಸು ಹತ್ತಿದೆ.

ವೈನಿ ಮಗಳ ಮನೆಯ ಪಡಸಾಲೆಯಲ್ಲಿ ಟಿ.ವಿ.ಯ ಮುಂದೆ ಸೆರಗು ಹೊದ್ದು ಕೂತರು. ಪೆನ್‌ಡ್ರೈವ್ ಸಿಕ್ಕಿಸಿದೆ, ಪದ ಶುರುವಾಯಿತು. ಏಕತಾರಿ, ಆಮೇಲೆ ನನ್ನ ದನಿ, ಮತ್ತೆ ಏಕತಾರಿ. ಅವರು ಮುಂದಕ್ಕೆ ಬಾಗಿ ಕಿವಿ ಕೊಟ್ಟರು. ಎರಡನೆಯ ಪದದ ನಡುವೆ ನನ್ನ ಕಡೆ ತಿರುಗಿದರು.

"ನಡುನಡುವ ಸುಮ್ಮನಾಗ್ತೀಯಲ್ಲ ತಮ್ಮಾ, ಯಾಕ?"

"ಅದು ಅಣ್ಣಾರ ಜಾಗಾರಿ. ಅಲ್ಲೆ ಅವರು ಹಾಡ್ತಾರ."

"ನಿನಗ ಕೇಳತೈತಿ?"

"ಕೇಳತೈತ್ರಿ."

ವೈನಿ ಮತ್ತೊಮ್ಮೆ ಟಿ.ವಿ.ಯ ಕಡೆ ಕಿವಿಯಿಟ್ಟರು. ಆಮೇಲೆ ಮೆಲ್ಲಗೆ, "ನನಗ ಕೇಳಂಗಿಲ್ಲಲ್ಲೋ" ಎಂದರು. "ಮುಂಜಾನೆ ಮಾರಿ ತೊಳಕೊಳ್ಳುವಾಗ ಒಂದೊಂದು ಸಾಲು ಗುಣುಗುಡತಿದ್ರು. ಅಷ್ಟ. ಕಟ್ಟಿ ಮ್ಯಾಲ ಹಾಡಿದ್ದು ನಾ ಯಾವಾಗ ಕೇಳೀನಿ?"

ನಿಜ. ನಮ್ಮ ಕಟ್ಟೆಗೆ ಹೆಂಗಸರು ಬರುತ್ತಿರಲಿಲ್ಲ. ಬನ್ನಿ ಎಂದು ನಾವೂ ಕರೆದಿರಲಿಲ್ಲ. ಇಪ್ಪತ್ತು ವರ್ಷ ಅವರ ಗಂಡನ ಶನಿವಾರಗಳನ್ನೆಲ್ಲ ನಾವು ಇಟ್ಟುಕೊಂಡೆವು. ಈಗ ಅಣ್ಣಾರನ್ನು ನನ್ನ ಕಿವಿಯಲ್ಲೇ ಉಳಿಸಿಕೊಂಡು, ಅವರ ಸಾಲಿನ ಹಿಂದೆ ಬರುವ ನನ್ನ ಸಾಲನ್ನು ಮಾತ್ರ ತಂದು ವೈನಿಯ ಮುಂದಿಟ್ಟಿದ್ದೆ. ನಾಚಿಕೆಯಾಯಿತು. ಬೇರೆ ಮಾಡಿ ತರುತ್ತೇನೆ ಎಂದು ಹೇಳಿ ಎದ್ದೆ.

ಮುಂದಿನ ಭಾನುವಾರ ಗೋಡೆಯ ಕಡೆ ನೋಡಲಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಅಣ್ಣಾರು ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತು, ಕಿವಿಯೊಳಗಿನ ದನಿಗೆ ಕಾಯದೆ ಮೊದಲ ಸಾಲನ್ನು ನಾನೇ ಎತ್ತಿದೆ. ಅವರ ಎತ್ತರ ನನಗೆ ನಿಲುಕುವಂಥದ್ದಲ್ಲ, ದನಿ ಒಡೆಯಿತು. ಆದರೂ ಬಿಡಲಿಲ್ಲ. ಸಾಲು ಮುಗಿಸಿ ಅಭ್ಯಾಸದಂತೆ ನಿಂತೆ. ಯಾರೂ ಹಿಡಿಯಲಿಲ್ಲ. ಹಿಡಿಯಬೇಕಾದವನೂ ನಾನೇ ಎಂಬುದು ಆಮೇಲೆ ಹೊಳೆಯಿತು. ಹೀಗೆ ಪ್ರತಿ ಸಾಲನ್ನೂ ಎರಡೆರಡು ಸಲ, ಒಮ್ಮೆ ಅವರದೆಂದು ಒಮ್ಮೆ ನನ್ನದೆಂದು, ಖಾಲಿ ಕೋಣೆಯಲ್ಲಿ ಎಂಟು ಪದ ಹಾಡಿದೆ. ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರಲ್ಲ, ಕೊನೆಯ ಎರಡು ಪದದ ಹೊತ್ತಿಗೆ ಮೊದಲ ಸಾಲು ತಡೆಯಿಲ್ಲದೆ ಬರತೊಡಗಿತ್ತು.

ವೈನಿ ಅದನ್ನು ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಮೊದಲನೇ ಸಾಲು ಅವರಂಗಿಲ್ಲ" ಎಂದರು.

"ಇಲ್ಲರಿ."

"ಇರದಿದ್ದದ್ದಽ ಚಲೋ ಆತು ಬಿಡು. ಅವರಂಗ ಇದ್ದಿದ್ರ ನನಗ ಕೇಳಾಕ ಆಗ್ತಿರಲಿಲ್ಲ."

ದಿನಾ ಬೆಳಿಗ್ಗೆ ಒಂದೆರಡು ಪದ ಹಾಕಿಸಿಕೊಂಡು ಕೇಳುತ್ತಾರಂತೆ. ಅದು ಕೇಳಿ ನನಗೆ ಸಂತೋಷವೇ ಆಯಿತು.

ಮೊದಲು ಹಾಡಿದ ಎಂಟು ಪದಗಳು ಇನ್ನೂ ನನ್ನ ಫೋನಿನಲ್ಲಿವೆ. ಒಂದು ಶನಿವಾರ ಸಂಜೆ ಬೇಸರ ತಡೆಯದೆ, ಅಣ್ಣಾರ ಜೊತೆ ಸ್ವಲ್ಪ ಹೊತ್ತು ಕೂತಿರೋಣವೆಂದು ಅದನ್ನು ಹಾಕಿದೆ. ಏಕತಾರಿ ಬಂತು. ಅವರು ಹಾಡಬೇಕಾದ ಕಡೆ ಕಾದೆ. ಬರೀ ಏಕತಾರಿಯಿದ್ದ ಆ ಜಾಗದಲ್ಲಿ ಈಗ ನನ್ನ ಕಿವಿಗೆ ಕೇಳಿಸಿದ್ದು ಅವರ ದನಿಯಲ್ಲ, ಮೊದಲ ಸಾಲು ಎತ್ತುವ ನನ್ನದೇ ಒಡಕು ದನಿ. ಮುಂದಿನ ಸಾಲಿನಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಎಂಟೂ ಪದ ಹಾಕಿ ನೋಡಿದೆ.